ದೂಮಪ್ಪಣ್ಣ ಊರಿಗೆ ಹೋಗದ ಲೀವು

ಅಕ್ಕಿ ಮೊದಲು ಎಸ್ಕಲೇಟರ್ ಹತ್ತಿತು, ದೂಮಪ್ಪಣ್ಣ ಆಮೇಲೆ.

ಆಗಸ್ಟ್ ತಿಂಗಳ ದೋಹಾದಲ್ಲಿ ಬೆಳಿಗ್ಗೆ ಏಳಕ್ಕೇ ಹೊರಗೆ ಕಾಲಿಡುವ ಹಾಗಿರುವುದಿಲ್ಲ. ಹಾಗಾಗಿ ವಾಕಿಂಗಿನ ಚಟದ ನಾವು ನಾಲ್ಕಾರು ಜನ ಅಂಗಡಿಗಳು ತೆರೆಯುವ ಮೊದಲು ಮಾಲಿನೊಳಗೆ, ಏಸಿಯಲ್ಲಿ, ಸುತ್ತು ಹೊಡೆಯುತ್ತೇವೆ. ನನ್ನ ಪಕ್ಕದ ಫ್ಲ್ಯಾಟಿನ ದೂಮಪ್ಪಣ್ಣ ಮಾತ್ರ ಬೆನ್ನಿನ ಬ್ಯಾಗಿನಲ್ಲಿ ಹತ್ತು ಕಿಲೋ ಕುಚ್ಚಲಕ್ಕಿ ಹೊತ್ತು ನಡೆಯುತ್ತಿದ್ದರು. ಆ ದಿನ ಬ್ಯಾಗಿನ ಹೊಲಿಗೆ ಬಿಟ್ಟಿತು. ಅತ್ತರಿನ ಅಂಗಡಿಯೆದುರು ಸಣ್ಣಗೆ ಶುರುವಾದ ಅಕ್ಕಿಯ ಗೆರೆ ಎಸ್ಕಲೇಟರಿನ ಬುಡದಲ್ಲಿ ದಬದಬ ಸುರಿಯಿತು. ಎಸ್ಕಲೇಟರ್ ಭೇದಭಾವ ಮಾಡದೆ ಅದನ್ನೂ ಮೊದಲ ಮಹಡಿಗೆ ಕರೆದೊಯ್ಯತೊಡಗಿತು.

ಸೆಕ್ಯುರಿಟಿಯ ಸರ್ಫರಾಝ್ ಓಡಿ ಬಂದ. “ಚಾಚಾ, ಯೇ ಕ್ಯಾ ಹೈ?”

“ಟ್ರೇನಿಂಗ್.”

“ಕಿಸ್ ಚೀಝ್ ಕಾ?”

“ಹಿಮಾಲಯ ಕಾ,” ಎಂದರು ದೂಮಪ್ಪಣ್ಣ, ಮೊಣಕಾಲೂರಿ ಒಂದೊಂದೇ ಕಾಳು ಹೆಕ್ಕುತ್ತಾ.

ಸರ್ಫರಾಝ್ ವಾಕಿಟಾಕಿಯಲ್ಲಿ ಪೊರಕೆಯವರನ್ನು ಕರೆದ. ಹಿಮಾಲಯದ ವಿಷಯ ಅವರಿಗೆ ಹೇಳಲಿಲ್ಲ.

ದೂಮಪ್ಪಣ್ಣ ಮೂಲ್ಕಿಯವರು. ಇಪ್ಪತ್ತೆರಡು ವರ್ಷದಿಂದ ಇಲ್ಲಿಯ ಒಂದು ಕಟ್ಟಡ ಕಂಪನಿಯ ಸ್ಟೋರಿನಲ್ಲಿ ಕೆಲಸ. ಅಷ್ಟೂ ವರ್ಷ ಅಲ್ ಮುಂತಜಾದ ಇದೇ ಹಳೇ ಕಟ್ಟಡದಲ್ಲಿ ವಾಸ. ನಮ್ಮವರಿಗೆ ಲೀವ್ ಎಂದರೆ ಊರು, ಆ ಪದಕ್ಕೆ ಇಲ್ಲಿ ಬೇರೆ ಅರ್ಥವೇ ಇಲ್ಲ. ಕಂಪನಿ ಟಿಕೆಟ್ ಕೊಡುವುದೂ ಮಂಗಳೂರಿಗೇ. ಅವರ ಒಂದು ಲೀವು ತಂಗಿಯ ಮದುವೆಗೆ ಹೋಯಿತು, ಒಂದು ತಾರಸಿ ಹಾಕಿಸಲಿಕ್ಕೆ, ಎರಡು ಭೂತದ ಕೋಲಕ್ಕೆ, ಒಂದು ಮಾವನ ಉತ್ತರಕ್ರಿಯೆಗೆ. “ಇದು ರಜೆಯಲ್ಲ, ಒಂದು ತಿಂಗಳ ಸಜೆ” ಎಂದು ನಾನು ತಮಾಷೆ ಮಾಡಿದರೆ ಅವರ ಹೆಂಡತಿ ಹರಿಣಾಕ್ಷಿಯಕ್ಕ, “ಹಾಗಾದ್ರೆ ನನಗೆ ಜಾಮೀನು ಯಾವಾಗ, ಕೇಳು ಅವರ ಹತ್ರ” ಎನ್ನುತ್ತಿದ್ದರು.

ಜಾಮೀನಿನ ಅರ್ಜಿ ಫ್ರಿಜ್ಜಿನ ಬಾಗಿಲ ಮೇಲಿತ್ತು. ವಿಮಾನದಲ್ಲಿ ಸಿಕ್ಕ ಪತ್ರಿಕೆಯಿಂದ ಹರಿದ ಚಿತ್ರ: ಕುಮಾವೂನಿನ ಒಂದು ಹಳ್ಳಿ, ಗುಡ್ಡಕ್ಕೆ ಮೆಟ್ಟಿಲು ಕಟ್ಟಿದಂಥ ಗದ್ದೆಗಳು, ಹುಲ್ಲಿನ ಹೊರೆ ಹೊತ್ತ ಹೆಂಗಸು, ದೂರದಲ್ಲಿ ಹಿಮ. ಗೈಡಿನ ಜೊತೆ ಐದು ದಿನ ಊರಿಂದೂರಿಗೆ ನಡೆಯುವುದು, ಹಳ್ಳಿಯವರ ಮನೆಯಲ್ಲೇ ಊಟ, ನಿದ್ದೆ.

“ಈ ಸಲ ಇಲ್ಲಿಗೆ ಹೋಗುವಾ?”

“ಬರುವ ಲೀವಿಗೆ. ಖಲಾಸ್.” ಮಾತು ಮುಗಿಯಿತು ಎನ್ನಲು ದೂಮಪ್ಪಣ್ಣ ಇಲ್ಲಿ ಕಲಿತ ಅರಬ್ಬಿ ಪದ ಅದು.

“ನಿಮ್ಮ ಖಲಾಸ್ ಕೇಳಿ ಕೇಳಿ ಒಂದು ದಿನ ನಾನೇ ಖಲಾಸ್ ಆಗ್ತೇನೆ ನೋಡಿ.”

ಅದು ಜೋಕು. ನಾವೆಲ್ಲ ನಕ್ಕಿದ್ದೆವು.

ಆ ದಂಪತಿಯ ನಡಿಗೆಯನ್ನು ಪಕ್ಕದ ಅಲ್ ಮನ್ಸೂರಾದ ಕನ್ನಡದವರೆಲ್ಲ ಕಂಡಿದ್ದಾರೆ. ಮುಂದೆ ಕೈಬೀಸಿಕೊಂಡು ದೂಮಪ್ಪಣ್ಣ, ಹತ್ತು ಹೆಜ್ಜೆ ಹಿಂದೆ ತರಕಾರಿ ಚೀಲದ ಜೊತೆ ಹರಿಣಾಕ್ಷಿಯಕ್ಕ. ಎದುರು ಸಿಕ್ಕವರು ಅಕ್ಕ ಎಲ್ಲಿ ಎಂದರೆ ಅವರು ತಿರುಗಿಯೂ ನೋಡದೆ, “ಹಿಂದೆ ಬರ್ತಾ ಇದ್ದಾಳೆ” ಎನ್ನುತ್ತಿದ್ದರು.

ಕೊನೆಗೂ ಈ ಜನವರಿಯಲ್ಲಿ ಇಬ್ಬರ ಹೆಸರಿನಲ್ಲಿ ಅಕ್ಟೋಬರಿಗೆ ಬುಕ್ ಮಾಡಿದರು. ಮಾರ್ಚಿನಲ್ಲಿ ಅಕ್ಕನಿಗೆ ಹೊಟ್ಟೆನೋವು ಬಂತು. ಅದು ಬರೀ ಹೊಟ್ಟೆನೋವಾಗಿರಲಿಲ್ಲ. ಆರೇ ವಾರ. ಮೇ ತಿಂಗಳಲ್ಲಿ ದೂಮಪ್ಪಣ್ಣ ಅಕ್ಕನ ಶವಪೆಟ್ಟಿಗೆಯಿದ್ದ ವಿಮಾನ ಹತ್ತಿದರು. ಆ ತುರ್ತು ಲೀವೂ ಊರಿಗೇ ಹೋಯಿತು.

ಮರಳಿ ಬಂದಾಗ, ಬುಕಿಂಗ್ ಕ್ಯಾನ್ಸಲ್ ಮಾಡಿ ಎಂದೆ.

“ಇಲ್ಲ ಅಮಿತಾ. ಇಪ್ಪತ್ತೆರಡು ವರ್ಷದಲ್ಲಿ ಅವಳು ಕೇಳಿದ್ದು ಅದೊಂದೇ. ನಾನಾದ್ರೂ ನಡೆದು ಬಂದ್ರೆ ಅವಳಿಗೆ ಮುಟ್ಟುತ್ತದೋ ಏನೋ. ಮುಟ್ಟದಿದ್ರೆ ಸಾಯುವವರೆಗೆ ನನಗೆ ಇದೇ ಕೊರಗು.”

ಒಬ್ಬೊಬ್ಬರು ಐದು ಕಿಲೋ ಹೊರಬೇಕಾಗುತ್ತದೆ ಎಂದು ಬುಕಿಂಗಿನವರು ಬರೆದಿದ್ದರು. ಇವರು ಹತ್ತು ಕಿಲೋ ಹೊತ್ತು ಅಭ್ಯಾಸ ಮಾಡುತ್ತಿದ್ದರು.

ಅಕ್ಟೋಬರಿನಲ್ಲಿ ಹೋದರು. ಬಂದ ಮೇಲೆ ಒಂದು ಶುಕ್ರವಾರ ನಮ್ಮ ಮನೆಯಲ್ಲಿ ಚಾ ಕುಡಿಯುತ್ತಾ ಕಥೆ ಹೇಳಿದರು. ಅಲ್ಲಿಯ ನಿಯಮ ವಿಚಿತ್ರ: ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಯಾರೋ ಅವರು ಗೈಡಿನ ಬೆನ್ನಿಗೇ ನಡೆಯಬೇಕು, ಉಳಿದವರು ಅವರನ್ನು ದಾಟುವ ಹಾಗಿಲ್ಲ. ಮಾಲಿನ ಗಟ್ಟಿಗ ದೂಮಪ್ಪಣ್ಣ ಮೊದಲ ಏರಿನಲ್ಲೇ ಏದುಸಿರು ಬಿಟ್ಟು ಮೊದಲ ಸ್ಥಾನ ಗಳಿಸಿದರು.

ಮೂರನೆಯ ದಿನ ಸಂಜೆ ಉಳಿಯುವ ಮನೆಗೆ ಎಲ್ಲರಿಗಿಂತ ಮೊದಲು ಹತ್ತಿದವರೂ ಅವರೇ. ಗೈಡ್ ಅಂಗಳದ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದ. ಹೆಂಡತಿಯ ಹೆಸರನ್ನು ಇವರು ಪಟ್ಟಿಯಿಂದ ತೆಗೆಸಿರಲಿಲ್ಲ, ಬುಕಿಂಗಿನವರು ಮನೆಯ ಅಜ್ಜಿಗೆ ಏಳು ಜನ ಎಂದೇ ಹೇಳಿ ಕಳಿಸಿದ್ದರು. ಅಜ್ಜಿ ಬಂದವರನ್ನು ಬೆರಳು ಮಡಚಿ ಎಣಿಸಿದಳು. ಆರು.

“ಪತ್ನಿ ಕಹಾಂ ಹೈ?” ಎಂದು ಇವರನ್ನು ಕೇಳಿದಳು.

“ಪೀಛೆ ಆ ರಹೀ ಹೈ,” ಹಿಂದೆ ಬರ್ತಾ ಇದ್ದಾಳೆ, ಎಂದುಬಿಟ್ಟರು ದೂಮಪ್ಪಣ್ಣ.

“ಬಾಯಿಗೆ ಅದೇ ಬಂತು ಅಮಿತಾ. ಹೇಳಿದ ಮೇಲೆ ಗೊತ್ತಾಯ್ತು ಏನು ಹೇಳಿದೆ ಅಂತ. ವಾಪಸ್ ತೆಗೆದುಕೊಳ್ಳೋದು ಹೇಗೆ? ಆ ಅಜ್ಜಿ ಎರಡು ಸಲ ಅಂಗಳಕ್ಕೆ ಹೋಗಿ, ಕಣ್ಣಿಗೆ ಕೈ ಅಡ್ಡ ಇಟ್ಟು ದಾರಿ ನೋಡಿ ಬಂದಳು. ನಾನು ನೆಲ ನೋಡಿಕೊಂಡು ಉಂಡೆ.”

ಬೆಳಿಗ್ಗೆ ಒಲೆಯ ಪಕ್ಕದಲ್ಲಿ ಒಂದು ತಟ್ಟೆ ಮುಚ್ಚಿಟ್ಟೇ ಇತ್ತು. ಅಷ್ಟರಲ್ಲಿ ಗೈಡ್ ಅಜ್ಜಿಗೆ ವಿಷಯ ಹೇಳಿರಬೇಕು. ಅವಳು ಮುಚ್ಚಳ ತೆಗೆದು ತಟ್ಟೆಯನ್ನು ಇವರ ಮುಂದೆ ಸರಿಸಿದಳು. ಎರಡು ರಾಗಿ ರೊಟ್ಟಿ.

“ತಿಂದಿರಾ?”

“ತಿಂದೆ. ಗಟ್ಟಿಯಾಗಿತ್ತು.” ಚಾದ ಲೋಟ ಕೆಳಗಿಟ್ಟರು. “ಆಮೇಲೆ ಎರಡು ದಿನ ಸಾಲಿನ ಕಡೆಯಲ್ಲಿ ನಡೆದೆ. ಎಲ್ಲರಿಂದ ಹತ್ತು ಹೆಜ್ಜೆ ಹಿಂದೆ. ಅಲ್ಲಿಂದ ಮುಂದಿನವರ ಬೆನ್ನು ಬಿಟ್ಟು ಬೇರೆಂತದೂ ಕಾಣುವುದಿಲ್ಲ. ಗೈಡ್ ಬೇಡ ಅನ್ನಲಿಲ್ಲ.”

ಹೋದ ಕೆಲಸ ಆಯಿತೋ ಇಲ್ಲವೋ ಅವರ ಮುಖದಲ್ಲಿ ಗೊತ್ತಾಗುತ್ತಿರಲಿಲ್ಲ. ಅವರ ಮನಸ್ಸಿಗೆ ಸಮಾಧಾನ ಆಗಲಿ ಎಂದೇ ಕೇಳಿದೆ: “ಹರಿಣಾಕ್ಷಿಯಕ್ಕ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರು, ಅಲ್ವಾ ದೂಮಪ್ಪಣ್ಣ?”

“ಎಂತ ಖುಷಿ ಮಾರಾಯ್ತಿ,” ಎಂದರು. “ಎರಡನೇ ದಿನಕ್ಕೇ ಊರಿಗೆ ಹೋಗುವ ಅಂತ ಗಲಾಟೆ ಮಾಡ್ತಿದ್ದಳು. ಅಲ್ಲಿ ಐದು ದಿನವೂ ಮೀನಿಲ್ಲ.”