ಬೆರಳಗಲ ಗಿಡ್ಡವಾದ ಗಾಜು

ನನ್ನ ಮೇಜಿನ ಮೇಲೆ ಹಾಸಲು ತರಿಸಿದ ಗಾಜು ಬೆರಳಗಲ ಗಿಡ್ಡ ಬಂದಿದೆ. ಅಳತೆ ಕೊಟ್ಟವನು ನಾನೇ. ಕೊಲ್ಲಾಪುರದ ಒಂದು ಎರಕದ ಕಾರಖಾನೆಯಲ್ಲಿ ಇಪ್ಪತ್ತೈದು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತು, ಕಂಡವರ ಯಂತ್ರಗಳಿಗೆಲ್ಲ ಮಿಲಿಮೀಟರ್ ಲೆಕ್ಕದಲ್ಲಿ ನಕಾಶೆ ತೆಗೆಯುವವನಿಗೆ ಸ್ವಂತ ಮೇಜು ಅಳೆಯಲು ಬರಲಿಲ್ಲವೆಂದರೆ ನಿಮಗೆ ನಗು ಬರುತ್ತದೆ. ನಗಿ, ಗಾಜಿನ ಅಂಗಡಿಯವನೂ ನಕ್ಕ. ನಾನು ರೇಗಿ, ಅವನೆದುರಿಗೇ ಮತ್ತೊಮ್ಮೆ ಅಳೆದು ತೋರಿಸಿದೆ. ಅವನು ತನ್ನ ಟೇಪು ಬಿಚ್ಚಿದ. ಅದೇ ಮೇಜು ಅವನ ಟೇಪಿನಲ್ಲಿ ಒಂದು ಅಳತೆ, ನನ್ನ ಅಳತೆಪಟ್ಟಿಯಲ್ಲಿ ಇನ್ನೊಂದು! ಆಗ ಪಟ್ಟಿಯನ್ನು ತಿರುವಿ ನೋಡಿದೆ. ಹಿಂಬದಿಯಲ್ಲಿ ಮೊಳೆಯಿಂದ ಗೀರಿದ ಒಂದು ‘ಶಿ’. ಅವಸರದಲ್ಲಿ ಡ್ರಾವರಿನ ತಳದಿಂದ ಎಳೆದುಕೊಂಡದ್ದು ಶಿವಲಿಂಗ ಮಾಮಾರ ಪಟ್ಟಿಯಾಗಿತ್ತು.

ಪಟ್ಟಿಯದೇನೂ ತಪ್ಪಿಲ್ಲ, ಅದು ಮಾಡಬೇಕಾದ ಕೆಲಸವೇ ಬೇರೆ. ಕಾದ ಕಬ್ಬಿಣ ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಆದ್ದರಿಂದ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುವ ಕಟ್ಟಿಗೆಯ ಮಾದರಿಯನ್ನು, ನಮ್ಮಲ್ಲಿ ಅದಕ್ಕೆ ಪ್ಯಾಟರ್ನ್ ಅನ್ನುತ್ತಾರೆ, ಅಷ್ಟು ದೊಡ್ಡದಾಗಿಯೇ ಮಾಡಬೇಕು. ಪ್ರತಿ ಸಲ ಗುಣಿಸುತ್ತ ಕೂರುವವರು ಯಾರು? ಪ್ಯಾಟರ್ನ್ ಮಾಡುವವರ ಪಟ್ಟಿಯಲ್ಲಿ ಗೆರೆಗಳನ್ನೇ ಕೊಂಚ ದೂರ ದೂರ ಹಾಕಿರುತ್ತಾರೆ. ನಕಾಶೆಯಲ್ಲಿ ನಾನೂರು ಇದ್ದರೆ ಆ ಪಟ್ಟಿಯಲ್ಲಿ ನಾನೂರು ಗುರುತು ಮಾಡಿದರಾಯಿತು, ಕಟ್ಟಿಗೆ ತಾನಾಗಿ ನಾನೂರ ನಾಲ್ಕು ಆಗಿರುತ್ತದೆ. ಇಂಥ ಪಟ್ಟಿಯಲ್ಲಿ ಮೇಜು ಅಳೆದರೆ ಅಂಕಿ ಕಡಿಮೆಯೇ ಬರುತ್ತದೆ, ಹಾಗೆ ಅಳೆದ ಜಾಣ ನಾನು.

ನಮ್ಮಲ್ಲಿ ಪ್ಯಾಟರ್ನ್ ಮಾಡುತ್ತಿದ್ದ ಮಾಮಾ ಉತ್ತೂರಿನವರು, ನಾನು ನೂಲದವನು, ಎರಡೂ ಗಡಹಿಂಗ್ಲಜದ ಕಡೆಯ ಊರುಗಳು. ನೆಂಟಸ್ತಿಕೆ ಏನಿಲ್ಲ. ದಿನವಿಡೀ ಮರಾಠಿಯಲ್ಲಿ ನಡೆಯುವ ಕಾರಖಾನೆಯಲ್ಲಿ ಚಹಾದ ಹೊತ್ತಿಗೆ ಕನ್ನಡ ಆಡಲು ಇಬ್ಬರೇ ಇದ್ದೆವು, ಅಷ್ಟು ಸಾಕಿತ್ತು. ಅವರು ಹತ್ತಿರ ಬಂದರೆ ಸಾಗವಾನಿ ಪುಡಿಯ ವಾಸನೆ. ಕಟ್ಟಿಗೆಯ ಮೇಲೆ ಹೆಬ್ಬೆರಳು ಸವರಿ, “ಇನ್ನ ಅರ್ಧಾ ಮಿಲಿ ಐತಿ” ಅನ್ನುವರು. ನಾನು ಹಟಕ್ಕೆ ಬಿದ್ದು ಅಳೆಯುವೆ. ಅರ್ಧವೇ ಇರುತ್ತಿತ್ತು, ದೇವರಾಣೆ. ಕಾರಖಾನೆಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ನನ್ನ ಬೆನ್ನ ಹಿಂದೆ ನಿಂತು ಬಹಳ ಹೊತ್ತು ನೋಡಿದರು.

“ನೀನೂ ಗೆರಿ ಎಳೀತಿ, ನಾನೂ ಗೆರಿ ಎಳೀತೇನಿ. ಆದ್ರ ನಿನಗ ಅಳಸೂದು ಭಾಳ ಹಗರ ನೋಡ ತಮ್ಮಾ” ಎಂದರು.

ಅಳಿಸುವುದಕ್ಕಿಂತ ಮೊದಲು ನಾನು ಹಿಗ್ಗಿಸುವುದನ್ನು ಕಲಿತೆ. ಅಳತೆ ಬರೆದ ಇಡೀ ಚಿತ್ರವನ್ನು ಆರಿಸಿ ಒಂದು ಅಂಕಿ ಒತ್ತಿದರೆ ಗೆರೆಗಳೂ ಅವುಗಳ ಮೇಲಿನ ಅಳತೆಗಳೂ ಒಟ್ಟಿಗೇ ಬೆಳೆಯುತ್ತವೆ. ಹೊಸ ಆಟಿಕೆ ಸಿಕ್ಕಂತಾಗಿ ಎರಡು ದಿನ ಅದನ್ನೇ ಮಾಡಿದೆ. ಆಗಲೇ ಇಚಲಕರಂಜಿಯಿಂದ ಮಗ್ಗದ ಒಂದು ಬ್ರಾಕೆಟ್ಟಿನ ಕೆಲಸ ಬಂತು. ಎರಡು ಕಾಲುಗಳ ನಡುವೆ ನಾನೂರು ಮಿಲಿಮೀಟರ್. ಕಬ್ಬಿಣ ಕುಗ್ಗುತ್ತದಲ್ಲ, ಮಾಮಾರ ತಾಪತ್ರಯ ತಪ್ಪಲಿ ಎಂದು ಚಿತ್ರವನ್ನು ನೂರಕ್ಕೆ ಒಂದರಷ್ಟು ಹಿಗ್ಗಿಸಿ, ನಾನೂರ ನಾಲ್ಕು ಎಂದು ಮೂಡಿದ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಅವರ ಪಟ್ಟಿ ಇದೇ ಕೆಲಸವನ್ನು ನಾನು ಹುಟ್ಟುವ ಮೊದಲಿನಿಂದ ಮಾಡುತ್ತಿದೆ ಎಂಬುದು ತಲೆಗೆ ಹೊಳೆಯಲೇ ಇಲ್ಲ. ಕುಗ್ಗುವಿಕೆಯನ್ನು ನಾನೊಮ್ಮೆ ಸೇರಿಸಿದ್ದೆ, ಪಟ್ಟಿ ಇನ್ನೊಮ್ಮೆ ಸೇರಿಸಿತು.

ಎರಕ ಹೊಯ್ದ ಮಾಲೆಲ್ಲ ಇಚಲಕರಂಜಿಯಿಂದ ವಾಪಸು ಬಂತು. ನಾಲ್ಕು ಮಿಲಿಮೀಟರ್ ಹೆಚ್ಚು, ಮಗ್ಗಕ್ಕೆ ಕೂರುವುದಿಲ್ಲ. ಮಾಲಕರು ನಕಾಶೆ ತಾ ಎಂದರು. ಅವರ ಕೋಣೆಯಿಂದ ನನ್ನ ಕುರ್ಚಿಗೆ ಬರುವಷ್ಟರಲ್ಲಿ ನನಗೆ ಎಲ್ಲ ತಿಳಿದುಹೋಗಿತ್ತು. ಹೇಳಬಹುದಿತ್ತು. ಆದರೆ ನೌಕರಿ ಹೊಸದು. ಚಿತ್ರವನ್ನು ಮತ್ತೆ ನಾನೂರಕ್ಕೆ ಕುಗ್ಗಿಸಿ ಹೊಸ ಹಾಳೆ ತೆಗೆದೆ. ಮಾಮಾರ ಹಲಗೆಯ ಕೆಳಗಿದ್ದ ಹಳೆಯದನ್ನು ಮೆಲ್ಲಗೆ ಎಳೆದು ಹರಿದುಹಾಕಿದೆ.

ಮಾಲಕರು ಕರೆಸಿದಾಗ ಮಾಮಾ ಹೊಸ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ತಾನು ನಾನೂರ ನಾಲ್ಕು ಎಂದು ಓದಿದ ನೆನಪು ಎಂದರು. ಮಾಲಕರು ಬೈಯಲಿಲ್ಲ. “ಶೂನ್ಯಾಲಾ ಚಾರ್ ವಾಚ್ಲಂತ್, ಮಾಮಾ? ಡೋಳೇ ದಾಖವೂನ್ ಘ್ಯಾ,” ಸೊನ್ನೆಯನ್ನು ನಾಲ್ಕೆಂದು ಓದಿದ್ದೀರಿ, ಕಣ್ಣು ತೋರಿಸಿಕೊಳ್ಳಿ ಎಂದು ಮೃದುವಾಗಿಯೇ ಹೇಳಿದರು.

ಮಾಮಾ ನನ್ನ ಕಡೆ ತಿರುಗಿದರು. “ತಮ್ಮಾ, ಖರೇ ಹೇಳು. ನೀ ನನಗ ಕೊಟ್ಟ ಹಾಳಿ ಇದ ಏನು?”

“ಹೌದ್ರಿ ಮಾಮಾ” ಎಂದೆ.

ಅವರು ಕನ್ನಡಕ ಹಾಕಿಸಿಕೊಂಡರು. ಆಮೇಲೆ ಪ್ರತಿ ನಕಾಶೆಯನ್ನೂ ನನ್ನ ಬಳಿ ತಂದು, “ಇದು ಆರೋ ಎಂಟೋ, ನೋಡಿ ಹೇಳಪಾ” ಅನ್ನುತ್ತಿದ್ದರು. ಒಮ್ಮೆ ಅಳೆದದ್ದನ್ನು ಮೂರು ಸಲ ಅಳೆಯುವರು. ಹೆಬ್ಬೆರಳು ಸವರಿ ಹೇಳುವುದನ್ನು ಬಿಟ್ಟೇಬಿಟ್ಟರು. ವರ್ಷ ತುಂಬುವುದರೊಳಗೆ ಕೆಲಸವನ್ನೂ ಬಿಟ್ಟರು. “ಕಾಣಾವ್ರ ಕೈಯಾಗ ಇರ್ಲಿ” ಎಂದು ಪಟ್ಟಿಯನ್ನು ನನಗೇ ಕೊಟ್ಟು ಹೋದರು. ನಾಚಿಕೆಯಾಯಿತು. ಅದಕ್ಕೇ ಅದನ್ನು ಕಣ್ಣಿಗೆ ಬೀಳದಂತೆ ಡ್ರಾವರಿನ ತಳಕ್ಕೆ ತಳ್ಳಿದೆ. ಇಷ್ಟು ವರ್ಷ ಅದು ಅಲ್ಲೇ ಇತ್ತು.

ಗಾಜು ಬಂದ ವಾರದ ರವಿವಾರ ಊರಿಗೆ ಹೋದವನು ಗಡಹಿಂಗ್ಲಜದಿಂದ ಉತ್ತೂರಿನ ಎಸ್‌ಟಿ ಬಸ್ಸು ಹಿಡಿದೆ. ಮಾಮಾ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದರು. ಪಟ್ಟಿಯನ್ನು ಅವರ ಮುಂದಿಟ್ಟು ಎಲ್ಲ ಹೇಳಿದೆ, ಹಾಳೆ ಹರಿದದ್ದನ್ನೂ. ಅವರು ಕನ್ನಡಕ ತೆಗೆದರು.

“ಹಂಗಾರ ನಾ ಓದಿದ್ದು ಖರೇನ? ನಾನೂರ ನಾಕ?”

“ಖರೇನ್ರಿ ಮಾಮಾ.”

“ಏ, ಕೇಳಿದೇನ? ನನ್ನ ಕಣ್ಣಿಗೆ ಏನೂ ಆಗಿರ್ಲಿಲ್ಲಂತ!” ಎಂದು ಒಳಗೆ ಕೂಗಿದರು. ಮಾಮಿ ಹೊರಗೆ ಬಂದು ನನ್ನನ್ನೊಮ್ಮೆ ನೋಡಿ ಒಳಗೆ ಹೋದರು. ಚಹಾ ಬರಲಿಲ್ಲ.

“ತಪ್ಪಾತ್ರಿ” ಎಂದೆ.

ಮಾಮಾ ಪಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. “ನನಗ ಹೇಳಿ ಏನ್ ಮಾಡ್ತಿ? ಕಣ್ಣು ಹೋಗ್ಯಾವ ಅಂದಾವ್ರು ಮಾಲಕ್ರು. ಅವರಿಗೆ ಹೇಳು.” ಪಟ್ಟಿಯನ್ನು ಅವರು ವಾಪಸು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಇವತ್ತು ಮುಂಜಾನೆ ಮಾಲಕರು ನನ್ನ ಕೋಣೆಗೆ ಬಂದರು. ಈಗ ಅವರ ತಲೆಯೂ ನನ್ನ ತಲೆಯೂ ಬೆಳ್ಳಗಾಗಿವೆ. ಗಾಜು ಮುಗಿದು ಮೇಜು ಕಾಣುವಲ್ಲಿ ಬೆರಳಿಟ್ಟು, ಇದೇಕೆ ಗಿಡ್ಡವಾಯಿತು ಎಂದು ಮರಾಠಿಯಲ್ಲಿ ಕೇಳಿದರು. ಅಂಗಡಿಯವನ ತಪ್ಪು ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಂತು. ನನ್ನ ನಾಲಿಗೆ ನನಗೆ ಗೊತ್ತಿಲ್ಲವೇ?

ಕುರ್ಚಿ ಎಳೆದುಕೊಟ್ಟು, “ಬಸಾ ಮಾಲಕ” ಎಂದೆ. “ಮಾಮಾಂಚೇ ಡೋಳೇ ಚಾಂಗ್ಲೇ ಹೋತೇ.” ಮಾಮಾರ ಕಣ್ಣು ಚೆನ್ನಾಗಿಯೇ ಇದ್ದವು.

ಯಾವ ಮಾಮಾ ಎಂದು ಅವರು ಕೇಳಲಿಲ್ಲ. ಕೂತರು.