ದರ್ಜಿಯ ಪಾಪ ಹೊತ್ತು ಚನ್ನರಾಯಪಟ್ಟಣಕ್ಕೆ

ಹೊಳೆನರಸೀಪುರದ ನಮ್ಮ ಮನೆಯ ಜಗಲಿಯ ಮೇಲೆ ಆ ಬೆಳಿಗ್ಗೆ ನಾಲ್ಕು ಜನ ಇದ್ದೆವು. ಕಂಬಕ್ಕೆ ಒರಗಿಕೊಂಡು ಮೊಣಕಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದ ನಮ್ಮ ಅತ್ತೆ, ಇನ್ನೊಂದು ತುದಿಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ದರ್ಜಿ, ಅವನ ಪಕ್ಕದಲ್ಲಿ ಷರಟುಗಳಿಗೆ ಗುಂಡಿ ಹಚ್ಚುತ್ತಿದ್ದ ಅವನ ಹೆಂಡತಿ, ಮೊರದಲ್ಲಿ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದ ನಾನು. ಅರವತ್ತರ ದಶಕದ ಆರಂಭ ಅದು. ನಾನು ಅರಕಲಗೂಡಿನಿಂದ ಆ ಮನೆಗೆ ಸೊಸೆಯಾಗಿ ಬಂದ ಹೊಸದು. ಮಾತಾಡುವುದನ್ನು ಕಲಿತದ್ದು ತೌರಿನಲ್ಲಾದರೂ ಎದುರು ಮಾತಾಡುವುದನ್ನು ಕಲಿತದ್ದು ಅತ್ತೆಯಿಂದಲೇ.

ದರ್ಜಿ ಕ್ರೈಸ್ತರವನು. ಜಗಲಿಯ ಆ ತುದಿಯನ್ನು ಮಾವನವರು ಬದುಕಿದ್ದಾಗಲೇ ಅವನಿಗೆ ಬಿಟ್ಟುಕೊಟ್ಟಿದ್ದರು. ಅವನಿಗೂ ಅತ್ತೆಗೂ ಇದ್ದ ನಂಟು ನಶ್ಯದ್ದು. ದಿನಾ ಬಿಸಿಲು ಜಗಲಿಯ ಅಂಚಿಗೆ ಬರುವ ಹೊತ್ತಿಗೆ ಅತ್ತೆ ಡಬ್ಬಿ ತೆಗೆದು ಅವನ ಕಡೆ ಚಾಚುವುದು, ಇಬ್ಬರೂ ಒಂದೊಂದು ಚಿಟಿಕೆ ಏರಿಸುವುದು, ಆಮೇಲೆ ಬೀದಿಯ ನಾಯಿ ಎದ್ದು ಓಡುವ ಹಾಗೆ ಸೀನುವುದು. ಆ ದಿನ ದರ್ಜಿಯ ಹಣೆಯ ಮೇಲೆ ಬೂದಿಯ ಗುರುತಿತ್ತು. ಅತ್ತೆ ಡಬ್ಬಿ ಚಾಚಿದರೆ ಅವನು ಮುಖ ತಿರುಗಿಸಿದ.

"ಬ್ಯಾಡ ಕಣವ್ವಾ. ಇವತ್ತು ವಿಭೂತಿ ಬುಧವಾರ. ಇವತ್ತಿಂದ ಪಾಸ್ಕ ಹಬ್ಬ, ಅದೇ ಈಸ್ಟರ್ ಅಂತಾರಲ್ಲ, ಅಲ್ಲೀಗಂಟ ತಪಸ್ಸಿನ ಕಾಲ. ನಸ್ಯ ಬುಟ್ಬುಟ್ಟೆ."

ಹೆಂಡತಿಯನ್ನು ಬಿಟ್ಟುಬಿಟ್ಟೆ ಎಂದಿದ್ದರೂ ಅತ್ತೆ ಅಷ್ಟು ಗಾಬರಿಯಾಗುತ್ತಿರಲಿಲ್ಲ. "ಯಾಕ್ಲಾ? ಅಂತಾ ಪಾಪ ಏನ್ಲಾ ಮಾಡ್ದೆ?"

ದರ್ಜಿ ಇನ್ನೂ ಜೋರಾಗಿ ಮಿಷನ್ನು ತುಳಿದ. ಹೇಳಿದವಳು ಅವನ ಹೆಂಡತಿ. ಎರಡು ವರ್ಷದ ಹಿಂದೆ ಅಪ್ಪನ ಕಾಲದ ದೊಡ್ಡ ಕತ್ತರಿ ಯಾರಿಗೆ ಸೇರಬೇಕು ಅಂತ ಮಾತಿಗೆ ಮಾತು ಬೆಳೆದು, ಇವನು ಚನ್ನರಾಯಪಟ್ಟಣದಲ್ಲಿ ಅಂಗಡಿ ಇಟ್ಟಿರುವ ಸ್ವಂತ ಅಣ್ಣನ ಬೆನ್ನಿಗೆ ಗಜಕಡ್ಡಿಯಲ್ಲಿ ಬಾರಿಸಿದ್ದ. ಅವತ್ತಿನಿಂದ ಮಾತಿಲ್ಲ, ಹೋಗಿಬರುವುದಿಲ್ಲ. ಹೋದ ವರ್ಷ ಹಬ್ಬಕ್ಕೆ ಮುಂಚೆ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಗೆ ಹೋದಾಗ ಹಾಸನದ ಚರ್ಚಿನ ಸ್ವಾಮಿಗಳು, ಮೊದಲು ಅಣ್ಣನ ಹತ್ತಿರ ಹೋಗಿ ಒಂದಾಗು, ಆಮೇಲೆ ಪ್ರಸಾದಕ್ಕೆ ಬಾ ಅಂದಿದ್ದರು. ಇವನು ಅಣ್ಣನ ಹತ್ತಿರವೂ ಹೋಗಲಿಲ್ಲ, ಪ್ರಸಾದಕ್ಕೂ ಹೋಗಲಿಲ್ಲ.

"ಹಬ್ಬದ ದಿವಸ ಎಲ್ರೂ ಎದ್ದು ಪ್ರಸಾದಕ್ಕೆ ಸಾಲಾಗಿ ಓದ್ರು ಕಣ್ರವ್ವಾ. ಇವ್ರು ಒಬ್ರೇ ಕುಂತಿದ್ರು, ಬಸ್ ತಪ್ಪಿಸ್ಕಂಡೋರಂಗೆ. ಈ ವರ್ಸಾನೂ ಅಂಗೇ ಆದ್ರೆ ನಾನು ಚರ್ಚಿಗೆ ಯಾವ ಮಕ ಇಟ್ಕಂಡು ಓಗ್ಲಿ?" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅತ್ತೆಗೆ ಅಳುವವರನ್ನು ಕಂಡರೆ ಆಗದು, ತಾನೂ ಅತ್ತುಬಿಡುತ್ತೇನೆಂಬ ಭಯ. ಮಾತು ತಿರುಗಿಸಲಿಕ್ಕೆ, "ಅಲ್ಲ ಕಣ್ಲಾ, ನಿಮ್ಮಲ್ಲಿ ಈ ಪಾಪ ಅನ್ನಾದು ಸುರುವಾಗಿದ್ದು ಎಲ್ಲಿಂದ?" ಎಂದು ಕೇಳಿದರು.

ದರ್ಜಿ ಮೊದಲ ಗಂಡಸು ಹೆಂಗಸು, ತೋಟ, ತಿನ್ನಬಾರದ ಹಣ್ಣು, ಎಲ್ಲ ಹೇಳಿದ.

"ಒಂದು ಅಣ್ಣಿಗೆ ಇಷ್ಟೊಂದಾ? ನಮ್ಮ ಇತ್ಲು ಸೀಬೇಕಾಯ್ನ ಊರ ಐಕ್ಳೆಲ್ಲ ತಿಂದವೆ. ನಾನು ಬೈದು ಸುಮ್ನಾಗ್ಲಿಲ್ವಾ?"

"ಅಣ್ಣಿಂದಲ್ಲ ಕಣವ್ವಾ, ದೇವ್ರ ಮಾತು ಮೀರಿದ್ದು. ಅದು ಎಲ್ರ ಮೈಗೂ ಅಂಟ್ಕಂಡದೆ. ನಮ್ಮ ಕೈಲಿ ತೊಳ್ಕಳಕ್ಕಾಗಲ್ಲ. ಅದಕ್ಕೇ ಯೇಸುಸ್ವಾಮಿ ನಮ್ಮೆಲ್ರ ಪಾಪಾನೂ ತಾವೇ ವತ್ಕಂಡು ಶಿಲುಬೆ ಮ್ಯಾಲೆ ನೋವು ತಿಂದ್ರು. ಅದ್ರಿಂದ ನಮಗೆ ಬಿಡುಗಡೆ."

"ಅವರೇನು ತಪ್ಪು ಮಾಡಿದ್ರು?"

"ಏನೂ ಇಲ್ಲ."

ಅತ್ತೆಯ ಎಣ್ಣೆಯ ಕೈ ಮೊಣಕಾಲಿನ ಮೇಲೆ ನಿಂತಿತು. "ಏನೂ ಇಲ್ವಾ?"

"ಏನೇನೂ ಇಲ್ಲ ಕಣವ್ವಾ."

ಅತ್ತೆ ಬಹಳ ಹೊತ್ತು ಯೋಚನೆ ಮಾಡಿದರು. ಆ ಯೋಚನೆಯ ಫಲ ಮಾರನೆಯ ದಿನ ಹೊರಗೆ ಬಂತು. ನಮ್ಮ ಕಡೆ ಒಬ್ಬರ ಹರಕೆಯನ್ನು ಇನ್ನೊಬ್ಬರು ತೀರಿಸುವುದು ಉಂಟು. ಗಂಡನಿಗೆ ಜ್ವರ ಬಂದರೆ ಹೆಂಡತಿ ಒಪ್ಪತ್ತು ಇರುತ್ತಾಳೆ, ಮಗನ ಕೈ ಮುರಿದರೆ ಅಪ್ಪ ಮುಡಿ ಕೊಡುತ್ತಾನೆ. ದರ್ಜಿಯ ದೇವರಲ್ಲೂ ಅದೇ ಪದ್ಧತಿ ಇದೆ ಎಂದು ಅತ್ತೆಗೆ ಖಾತ್ರಿಯಾಗಿತ್ತು.

"ಲೇ, ನಿನ್ನ ಬದ್ಲು ನಾನು ನಸ್ಯ ಬುಡ್ತೀನಿ. ನೀನು ಆಯಾಗಿ ಏರಿಸು."

"ಅಂಗೆಲ್ಲ ಬರಾಕಿಲ್ಲ ಕಣವ್ವಾ. ಅವರು ದೇವ್ರು."

"ನಾನೇನು ದೇವ್ರು ಅಂದ್ನಾ? ಬರೀ ನಸ್ಯದ ಮಟ್ಟಿಗೆ."

ದರ್ಜಿ ಒಪ್ಪಲಿಲ್ಲ. ಅತ್ತೆಯೋ ದೀಪದ ಮುಂದೆ ಬಾಯಿಬಿಟ್ಟು ಹೇಳಿಯಾಗಿತ್ತು. ಹೀಗಾಗಿ ಒಬ್ಬನ ಪಾಪಕ್ಕೆ ಎರಡು ಮೂಗು ಉಪವಾಸ ಬಿದ್ದವು.

ಆಮೇಲಿನ ದಿನಗಳನ್ನು ಏನು ಹೇಳಲಿ! ದರ್ಜಿಗೆ ನಶ್ಯವಿಲ್ಲದೆ ತಲೆ ಓಡುತ್ತಿರಲಿಲ್ಲ. ಪಂಚಾಯತಿ ಮೆಂಬರೊಬ್ಬರ ಷರಟಿಗೆ ಎರಡೂ ಎಡಗೈ ತೋಳು ಹಚ್ಚಿದ. ಮೇಷ್ಟ್ರ ಕೋಟಿನ ಜೇಬಿನ ಬಾಯನ್ನು ಹೊಲಿದು ಮುಚ್ಚಿದ. ನನ್ನ ರವಿಕೆಯ ಕೊಕ್ಕೆಗಳು ಒಳಗಡೆಗೆ ಬಂದು, ಅದನ್ನು ತೊಟ್ಟ ದಿನವೆಲ್ಲ ನಾನು ಮೈ ಕೆರೆದುಕೊಂಡೇ ಓಡಾಡಿದೆ. ಈ ಕಡೆ ಅತ್ತೆ ಹಾಲಿನವಳನ್ನು ಬೈದರು, ಸೌದೆಯವನನ್ನು ಬೈದರು, ಬೈಯಲು ಯಾರೂ ಸಿಗದ ದಿನ ಒರಳುಕಲ್ಲನ್ನು ಬೈದರು. ಕಡೆಗೆ ಒಂದು ಮಧ್ಯಾಹ್ನ ನನ್ನ ಹತ್ತಿರ ಬಂದು ಕೂತರು.

"ಅಲ್ಲ ಕಣಮ್ಮಿ, ಅವನ ಪಾಪ ಕಳೀಲಿ ಅಂತ ಬುಟ್ರೆ ನಂಗೇ ದಿನಾ ಒಸಾ ಪಾಪ ಬತ್ತಾ ಅವೆ. ಇದರ ಎಸಾಬು ಎಲ್ಲೋ ತಪ್ಪದೆ."

ಎದ್ದು ಜಗಲಿಗೆ ಹೋದರು. "ಲೇ, ನೀನು ಗಜಕಡ್ಡೀಲಿ ಬಾರಿಸಿದ್ದು ಎಲ್ಲಿಗೆ?"

"ಅಣ್ಣನ ಬೆನ್ನಿಗೆ."

"ಬೆನ್ನಿಗೆ ಬಾರ್ಸಿ ಮೂಗಿಗೆ ಯಾಕ್ಲಾ ಸಿಕ್ಷೆ ಕೊಡ್ತಾ ಇದೀಯಾ?"

ದರ್ಜಿ ಬಾಯಲ್ಲಿದ್ದ ದಾರ ತೆಗೆದು ಪಕ್ಕಕ್ಕಿಟ್ಟ. ಮೆಲ್ಲಗೆ, "ನಸ್ಯ ಬುಡಾದು ಸುಲಭ ಕಣವ್ವಾ. ಅವನ ಮಕ ನೋಡಾದು ನನ್ ಕೈಲಾಗಲ್ಲ," ಎಂದ.

"ಆಗಲ್ವಾ? ಸರಿ. ನಾನು ಓಯ್ತೀನಿ."

ನಾವು ಇದನ್ನು ಮಾತಿನ ಮಾತು ಅಂದುಕೊಂಡೆವು. ಮಾರನೆಯ ಬೆಳಿಗ್ಗೆ ಅತ್ತೆ ತಲೆಗೆ ನೀರು ಹಾಕಿಕೊಂಡು, ಹಬ್ಬಕ್ಕೆಂದು ಗಂಟು ಕಟ್ಟಿಟ್ಟಿದ್ದ ಸೀರೆ ಉಟ್ಟು, ನನ್ನನ್ನೂ ಎಳೆದುಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದರು.

ಅಣ್ಣನ ಅಂಗಡಿ ಪೇಟೆಯಲ್ಲೇ ಇತ್ತು. ಅವನು ದಪ್ಪ ಮೀಸೆಯ ಆಳು. ಯಾರೋ ಗಿರಾಕಿಯನ್ನು ಎರಡು ಕೈ ಅಗಲಿಸಿ ನಿಲ್ಲಿಸಿಕೊಂಡು ಅಳತೆ ತೆಗೆಯುತ್ತಿದ್ದ.

"ನಿನ್ನ ತಮ್ಮ ವಡದ್ನಲ್ಲ, ಆ ತಪ್ಪು ಈಗ ನಂದು. ವತ್ಕಂಡು ಬಂದಿವ್ನಿ," ಎಂದರು ಅತ್ತೆ.

"ನೀವ್ಯಾರವ್ವಾ?"

"ಅವನು ಮಿಷನ್ ಇಟ್ಕಂಡಿರಾ ಜಗಲಿಯೋರು," ಎನ್ನುತ್ತಲೇ ಅತ್ತೆ ಅವನ ಕಾಲಿಗೆ ಬಗ್ಗಿದರು.

ಹಿರಿಯರು ಕಿರಿಯರ ಕಾಲಿಗೆ ಬಿದ್ದರೆ ಕಿರಿಯರ ಆಯಸ್ಸು ಕರಗುತ್ತದೆ ಅಂತ ನಮ್ಮ ಕಡೆ ನಂಬಿಕೆ. ಯಾವ ದೇವರಿಗೆ ಕೈ ಮುಗಿಯುವವರಾದರೂ ಈ ಭಯ ಮಾತ್ರ ಒಂದೇ. ಆ ಮೀಸೆಯ ಆಳು "ಅಯ್ಯಯ್ಯೋ!" ಎಂದು ಚೀರಿ ಬೆಂಚಿನ ಮೇಲೆ ಹಾರಿ ನಿಂತ. ಕಾಲು ಸಿಗದ ಅತ್ತೆ ಮಿಷನ್ನಿನ ತುಳಿಯುವ ಮಣೆಗೆ ಹಣೆ ಹಚ್ಚಿದರು. ಅವನು ಬೆಂಚಿನ ಆ ತುದಿಗೆ ಓಡಿದ. ಅತ್ತೆ ಮಂಡಿಯ ಮೇಲೇ ತೆವಳಿ ಆ ತುದಿಗೆ ಹೋದರು. ಗಿರಾಕಿ ಕೈ ಇಳಿಸುವುದನ್ನೇ ಮರೆತು ನಿಂತಿದ್ದ.

"ಏಳಿ ಅವ್ವಾ, ನಿಮ್ಮ ದಮ್ಮಯ್ಯ! ಮಾಡ್ದೋನು ಅವ್ನು. ಏನೂ ಮಾಡ್ದಿರಾ ನೀವ್ಯಾಕೆ ಬೀಳ್ತೀರಾ?"

ಅತ್ತೆ ಕೆಳಗಿನಿಂದ ಮುಖ ಎತ್ತಿದರು. "ನಿಮ್ಮ ಯೇಸುಸ್ವಾಮೀನೂ ಏನೂ ಮಾಡಿರ್ಲಿಲ್ವಂತೆ. ನಿನ್ನ ತಮ್ಮನೇ ಯೋಳಿದ್ದು."

ಅಣ್ಣ ಅಳತೆಯ ಟೇಪನ್ನು ಕೊರಳಿಂದ ತೆಗೆದ, ಬೆಂಚಿನಿಂದ ನಿಧಾನವಾಗಿ ಇಳಿದ. "ಬುಟ್ಬುಟ್ಟೆ ಕಣವ್ವಾ. ಮನಸ್ನಿಂದ ಬುಟ್ಬುಟ್ಟೆ. ಈಗಾದ್ರೂ ಏಳಿ," ಎಂದ.

"ಏಳಾಕೆ ಆಗ್ತಿಲ್ಲ ಕಣಪ್ಪ. ಮಂಡಿ ಇಡ್ಕಂಡದೆ."

ನಾನೊಂದು ರಟ್ಟೆ, ಅಣ್ಣನೊಂದು ರಟ್ಟೆ, ಸೊಂಟ ಗಿರಾಕಿಯದು. ಮೂವರೂ ಸೇರಿ ಎತ್ತಿದೆವು. ಅಣ್ಣ ಹೋಟೆಲಿನಿಂದ ಕಾಫಿ ತರಿಸಿಕೊಟ್ಟ. ವಾಪಸು ಬರುವಾಗ ಅತ್ತೆ ತೆಂಗಿನಕಾಯಿಯಷ್ಟು ಊದಿದ ಮಂಡಿಯನ್ನು ಸೀಟಿನ ಮೇಲೆ ಚಾಚಿಕೊಂಡು, "ತಪ್ಪೇ ತೀರಿದ ಮ್ಯಾಲೆ ನೇಮ ಯಾಕಮ್ಮಿ?" ಎಂದು ಡಬ್ಬಿ ತೆಗೆದು ಏರಿಸಿದರು. ಅವರು ಸೀನಿದ ರಭಸಕ್ಕೆ ಡ್ರೈವರು ಟೈರು ಒಡೆಯಿತೆಂದು ಬಸ್ಸು ನಿಲ್ಲಿಸಿದ.

ನಡೆದದ್ದನ್ನು ದರ್ಜಿಗೆ ಹೇಳಿದವಳು ನಾನು. ಬೆಂಚು ಹತ್ತಿದ್ದನ್ನು ಹೇಳುವಾಗ ಅವನ ಹೆಂಡತಿ ನಕ್ಕೂ ನಕ್ಕೂ ಸೂಜಿ ಬೀಳಿಸಿಕೊಂಡಳು. ದರ್ಜಿ ನಗಲಿಲ್ಲ. ಅತ್ತೆಯ ಊದಿದ ಮಂಡಿಯನ್ನೇ ನೋಡುತ್ತಿದ್ದ.

"ನನಗೋಸ್ಕರ ಬಿದ್ರಾ ಅವ್ವಾ?"

"ಬಿದ್ದೆ. ಏಳಾದೇ ಕಷ್ಟ ಆಯ್ತು."

"ಚಿಕ್ಕೋನಿದ್ದಾಗಿಂದ ಕೇಳ್ತಾ ಬಂದೆ, ನಮಗೋಸ್ಕರ, ನಮಗೋಸ್ಕರ ಅಂತ. ಬರೀ ಕಿವೀಲಿ ಕೇಳಿದ್ದೆ." ಮೂಗು ಒರೆಸಿಕೊಂಡು ಕೇಳಿದ: "ಈಗ ನಾನು ಓಗ್ಲೇಬೇಕಾ?"

"ಓಗ್ಲೇಬೇಕು ಅಂತೇನಿಲ್ಲ. ಅವನು ಬುಟ್ಟಾಯ್ತು. ಓಗಬೇಕು ಅನ್ಸಿದ್ರೆ ಓಗು."

ಯೇಸುಸ್ವಾಮಿ ಶಿಲುಬೆಗೇರಿದ ಶುಭ ಶುಕ್ರವಾರಕ್ಕೆ ಇನ್ನು ಕೆಲವೇ ದಿನವಿತ್ತು. ದರ್ಜಿ ಮಿಷನ್ನಿಗೆ ಮುಸುಕು ಹಾಕಿ, ಒಗೆದ ಷರಟು ತೊಟ್ಟು ಬಸ್ ಸ್ಟ್ಯಾಂಡಿಗೆ ನಡೆದ. ಅವತ್ತು ವಾಪಸು ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ಪಾಸ್ಕ ಹಬ್ಬದ ಬೆಳಿಗ್ಗೆ ಅವನ ಹೆಂಡತಿ ಒಬ್ಬಳೇ ಹಾಸನಕ್ಕೆ ಹೋದಳು. ಚರ್ಚಿನಲ್ಲಿ ಅಣ್ಣ ಮುಂದೆ, ತಮ್ಮ ಹಿಂದೆ ಸಾಲಿನಲ್ಲಿ ನಿಂತಿದ್ದರಂತೆ. ಇಬ್ಬರೂ ಪ್ರಸಾದ ತೆಗೆದುಕೊಂಡು, ಬಂದು ಒಂದೇ ಬೆಂಚಿನಲ್ಲಿ ಕೂತರಂತೆ.