ತೊಗರ್ಸಿ ದಿಬ್ಬದ ನಿಲುಸುಗಲ್ಲು

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಶಿಕಾರಿಪುರ, ಸೊರಬ ತಾಲ್ಲೂಕುಗಳ ಸ್ಮಾರಕಗಳನ್ನು ನೋಡಿಕೊಳ್ಳುವ ಪುರಾತತ್ವ ಅಧಿಕಾರಿಯಾಗಿದ್ದೆ. ಆ ಬೇಸಿಗೆಯಲ್ಲಿ ತೊಗರ್ಸಿ ಹತ್ತಿರದ ರೈತ ಗುರುಬಸಪ್ಪ ಫೋನ್ ಮಾಡಿದರು. ಅವರ ಹೊಲದ ದಿಬ್ಬದ ಮೇಲೆ ಎರಡಾಳೆತ್ತರದ ಒಂಟಿ ಕಲ್ಲೊಂದಿತ್ತು. ನಿಧಿಯಾಸೆಗೆ ಯಾರೋ ಅದರ ಬುಡ ಅಗೆದಿದ್ದರು, ಕಲ್ಲು ವಾಲಿತ್ತು.

ಇಂಥ ಕಲ್ಲನ್ನು ನಾವು ನಿಲುಸುಗಲ್ಲು ಎನ್ನುತ್ತೇವೆ. ಬರವಣಿಗೆ ಇನ್ನೂ ಬಾರದ ಕಾಲದಲ್ಲಿ, ಕಬ್ಬಿಣ ಬಳಸಲು ಕಲಿತಿದ್ದ ಜನ ನೆಟ್ಟದ್ದು. ಯಾತಕ್ಕೆ ನೆಟ್ಟರು ಎಂಬುದಕ್ಕೆ ಖಚಿತ ಉತ್ತರವಿಲ್ಲ. ಸತ್ತವರ ನೆನಪಿಗಿರಬಹುದು, ತಮ್ಮ ನೆಲದ ಗಡಿಗಿರಬಹುದು, ಸೂರ್ಯನ ಚಲನೆ ನೋಡಿ ಋತು ಗುರುತಿಸುವುದಕ್ಕೂ ಇರಬಹುದು. ಊರವರು ಅದನ್ನು ಪಾಂಡವರು ಆನೆ ಕಟ್ಟಿದ ಗೂಟ ಎನ್ನುತ್ತಿದ್ದರು.

ಗುರುಬಸಪ್ಪನವರ ಚಿಂತೆಯೇ ಬೇರೆ. ಅವರ ಹೆಂಡತಿ ಶಾಂತವ್ವ ಮಧ್ಯಾಹ್ನ ಅದೇ ಕಲ್ಲಿನ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಅದು ಮೈಮೇಲೆ ಬಿದ್ದರೆ ಗತಿಯೇನು?

“ಮಳೆ ಹಿಡಿಯೋದ್ರೊಳಗ ಏನಾರ ಮಾಡ್ರಿ ಸರ್. ಇಲ್ಲಾಂದ್ರ ಜೆಸಿಬಿ ತರ್ಸಿ ಕೆಡವಿಬಿಡ್ತೀನಿ,” ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಉತ್ಖನನಕ್ಕೆ ಅನುಮತಿ ಪಡೆದು, ಕಲ್ಲಿಗೆ ಮರದ ದಿಮ್ಮಿಗಳ ಆಸರೆ ಕೊಟ್ಟು ಕೆಲಸ ಶುರುಮಾಡಿದೆವು. ಗುಟ್ಟಾಗಿ ಅಗೆದರೆ ನಿಧಿಯ ಸುದ್ದಿ ಇನ್ನಷ್ಟು ಬೆಳೆಯುತ್ತದೆಂದು, ಎಲ್ಲರೆದುರೇ ಅಗೆಯುವುದೆಂದು ತೀರ್ಮಾನಿಸಿದ್ದೆ. ಆನವಟ್ಟಿ ಪೇಟೆಗೆ ಹೊರಟವರೂ ಬೈಕ್ ನಿಲ್ಲಿಸಿ ನೋಡುತ್ತಿದ್ದರು.

ಕಲ್ಲಿನ ಬುಡಕ್ಕೆ ತುಸು ಪಕ್ಕದಲ್ಲಿ, ಚಪ್ಪಡಿಯೊಂದರ ಅಡಿ, ಮಡಕೆಯ ಅಂಚು ಕಂಡಿತು. ಕಂಠ ಕಪ್ಪು, ಒಡಲು ಕೆಂಪು. ಜನ ಹಗ್ಗದ ತಡೆಯವರೆಗೆ ನುಗ್ಗಿ ಬಂದರು. ನಾನು ಬ್ರಷ್ಷಿನಿಂದ ಮಣ್ಣು ಸರಿಸುತ್ತ ಹೋದೆ. ಮಡಕೆಯೊಳಗೆ ಚಿನ್ನವಿರಲಿಲ್ಲ. ದಾರ ಕರಗಿಹೋಗಿದ್ದರೂ ಸಾಲು ತಪ್ಪದೆ ಉಳಿದ ಕೆಂಪು ಮಣಿಗಳಿದ್ದವು, ಜತೆಗೆ ಪುಟ್ಟ ಪುಟ್ಟ ಹಲ್ಲುಗಳು. ನಮ್ಮ ಕಡೆಯ ಮಣ್ಣಿನಲ್ಲಿ ಎಲುಬು ಕರಗಿದರೂ ಹಲ್ಲು ಉಳಿಯುವುದುಂಟು. ಇವು ಹಾಲುಹಲ್ಲುಗಳು.

ಇದು ಮಗುವೊಂದರ ಸಮಾಧಿ ಎಂದು ಜನಕ್ಕೆ ಹೇಳಿದೆ. ಶಾಂತವ್ವ ಗುಂಡಿಯ ಅಂಚಿಗೆ ಬಂದು ಕೂತು ತಲೆಗೆ ಸೆರಗೆಳೆದುಕೊಂಡರು.

“ಇಷ್ಟ್ ಸಣ್ಣ ಕೂಸಿಗೆ ಅಷ್ಟ್ ದೊಡ್ಡ ಕಲ್ಲು ತಂದಾರಲ್ರೀ,” ಎಂದರು.

ಆ ಜಾತಿಯ ಕಲ್ಲು ದಿಬ್ಬದಲ್ಲೆಲ್ಲೂ ಇಲ್ಲ. ಅಂಥ ಬಂಡೆಯಿರುವುದು ಹಳ್ಳದಾಚೆ. ಅಲ್ಲಿ ಅದನ್ನು ಸೀಳಿ, ಹಳ್ಳ ದಾಟಿಸಿ, ಏರು ಹತ್ತಿಸಿದ್ದರು. ವೃತ್ತಿಯುದ್ದಕ್ಕೂ ಇಂಥ ಕಲ್ಲುಗಳನ್ನು ಅಳೆದಿದ್ದೆ, ನಕ್ಷೆ ಬರೆದಿದ್ದೆ. ಎಳೆದವರ ಏದುಸಿರು ಕಿವಿಗೆ ಬಿದ್ದಂತಾದದ್ದು ಅಂದೇ.

ಮಡಕೆಯನ್ನು ವಸ್ತುಸಂಗ್ರಹಾಲಯಕ್ಕೆ ಕಳಿಸಿದೆವು. ಕಲ್ಲನ್ನು ಏನು ಮಾಡೋಣ ಎಂದು ಗುರುಬಸಪ್ಪನವರನ್ನು ಕೇಳಿದೆ. ಅವರು ಹೆಂಡತಿಯ ಮುಖ ನೋಡಿದರು.

“ಅಲ್ಲೇ ನೆಟ್ಟಗ ನಿಲ್ಲಿಸ್ರಿ,” ಎಂದರು ಶಾಂತವ್ವ.

ಮುಂಗಾರಿಗೆ ಮೊದಲೇ ಚೈನ್ ಪುಲ್ಲಿ ಕಟ್ಟಿದೆವು. ನಿಧಿ ನೋಡಲೆಂದು ಬಂದಿದ್ದವರೇ ಹಗ್ಗ ಹಿಡಿದರು. ಪುಲ್ಲಿ ಇದ್ದೂ ಎಲ್ಲರ ಅಂಗೈ ಕೆಂಪಾಯಿತು. ಕಲ್ಲು ನೆಟ್ಟಗಾದಾಗ ಎಲ್ಲರೂ ತಲೆಯೆತ್ತಿ ನೋಡುತ್ತ ನಿಂತರು.

ಕಲ್ಲು ಆ ಮಗುವಿಗಾಗಿಯೇ ನೆಟ್ಟದ್ದು ಎಂದು ವರದಿಯಲ್ಲಿ ಬರೆಯಲು ನನಗೆ ಸಾಧ್ಯವಾಗಲಿಲ್ಲ. ಅದು ಗಡಿಯೂ ಆಗಿದ್ದಿರಬಹುದು, ಇನ್ನೇನೋ ಆಗಿದ್ದಿರಬಹುದು. ಆದರೆ ಅಲ್ಲಿಂದಾಚೆಗೆ ಯಾವ ಸ್ಮಾರಕದ ಮುಂದೆ ನಿಂತರೂ, ಇದು ಯಾತಕ್ಕೆ ಎನ್ನುವ ಮೊದಲು ಇದು ಯಾರಿಗಾಗಿ ಎಂದು ಕೇಳಿಕೊಳ್ಳುತ್ತೇನೆ. ಈ ಕೆಲಸ ನನಗೆ ಕಲಿಸಿದ ಪಾಠಗಳಲ್ಲಿ ದೊಡ್ಡದು ಇದೇ.